ತಪ್ಪುಗಳು: ಸೊನ್ನೆ

ಬೇರೆಯವರ ಗಂಡಂದಿರು ನಿವೃತ್ತರಾದಾಗ ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಯಜಮಾನರಿಗೆ ಗಂಟೆ ಕೊಟ್ಟರು. ಹಿತ್ತಾಳೆಯದು, ಹಿಡಿ ಇರುವಂಥದ್ದು. ಯಾವುದೋ ಮುದಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಬಾರಿಸಲಿ ಎಂದು ಇಟ್ಟಿದ್ದದ್ದು. ಇವರು ಜೀವಮಾನವೆಲ್ಲ ಲಿಫ್ಟ್ ತಪಾಸಣೆ ಮಾಡಿದವರು. ಯಾವ ಕಟ್ಟಡಕ್ಕೆ ಹೋದರೂ ಪ್ರತಿ ಮಹಡಿಯ ಗುಂಡಿಯನ್ನೂ ಒಂದೊಂದಾಗಿ ಒತ್ತಿ, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತೇ ಎಂದು ನೋಡದೆ ಬಿಡುವ ಪೈಕಿ ಅಲ್ಲ. (ಮದುವೆಯಾದ ಹೊಸತರಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿದ್ದ ಹೋಟೆಲಿಗೆ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದರು. ನಾವು ಮೇಲೆ ತಲುಪುವಷ್ಟರಲ್ಲಿ ಅಡುಗೆಯವರು ಒಲೆ ಆರಿಸಿ ಕೈ ಒರೆಸಿಕೊಳ್ಳುತ್ತಿದ್ದರು.)

ಆ ಗಂಟೆ ಅಲಮಾರಿಯ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಇವರ ಹೃದಯ ಕೈಕೊಟ್ಟಿತು ನೋಡಿ, ಗಂಟೆ ಕೈಗೆ ಬಂತು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಹೃದಯದ ಮಾಂಸವೇ ಸೋತಿದೆಯಂತೆ. ಯಾವಾಗ ಬೇಕಾದರೂ ಉಸಿರು ಕಟ್ಟಬಹುದಂತೆ. ಕಟ್ಟಿದ ತಕ್ಷಣ ನಾಲಿಗೆಯ ಕೆಳಗೆ ಒಂದು ಮಾತ್ರೆ ಇಡಬೇಕು, ಎತ್ತಿ ಕೂರಿಸಬೇಕು, ಆಂಬುಲೆನ್ಸ್ ಕರೆಸಬೇಕು. "ತಡ ಮಾಡೋ ಹಾಗಿಲ್ಲಮ್ಮ. ಅವರು ಕರೆದ್ರು ಅಂದ್ರೆ ನೀವು ಅಲ್ಲಿರಬೇಕು." ನನ್ನ ಕಿವಿಯಲ್ಲಿ ಹೇಳಿದ್ದು ಇವರ ಕಿವಿಗೂ ಬಿದ್ದಿತ್ತು. ಅಂದಿನಿಂದ ಇವರು ಮಲಗುವ ಕೋಣೆಯಲ್ಲಿ ಗಂಟೆ ಹಿಡಿದ ಚಕ್ರವರ್ತಿ, ನಾನು ಅಡುಗೆಮನೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತ ಊಳಿಗದವಳು.

ಗಂಟೆ ಢಣ್ ಅನ್ನುವುದೇ ತಡ, ನಾನು ಕತ್ತರಿ ಬಿಸಾಕಿ ಓಡಬೇಕು.

"ಏನ್ರೀ? ಉಸಿರು ಕಟ್ತಾ ಇದೆಯಾ?"

"ಇಲ್ಲ. ಎದುರುಮನೆ ಗೋಡೆಗೆ ಯಾರೋ ಏಣಿ ಹಾಕ್ಕೊಂಡು ಹತ್ತಿದಾನೆ. ಕೆಳಗೆ ಹಿಡ್ಕೊಳ್ಳೋಕೆ ಯಾರೂ ಇಲ್ಲ. ಬಿದ್ರೆ ಏನು ಗತಿ?"

"ಅದಕ್ಕೆ ಗಂಟೆ ಬಾರಿಸಿದ್ರಾ?"

"ನಾನೆಲ್ಲಿ ಬಾರಿಸಿದೆ? ಕೈ ತಾಗಿತು."

ಕೈ ತಾಗಿತು! ಇವರ ಕೈ ದಿನವಿಡೀ ಆ ಗಂಟೆಗೆ ತಾಗುತ್ತಲೇ ಇತ್ತು. ಪರದೆ ಸರಿಸಲು ತಾಗಿತು, ನೊಣ ಓಡಿಸಲು ತಾಗಿತು, ಇವತ್ತು ಯಾವ ವಾರ ಎಂದು ಕೇಳಲು ತಾಗಿತು. ಪ್ರತಿ ತಾಗುವಿಕೆಗೂ ನನ್ನ ಒಂದೊಂದು ಹೊಲಿಗೆ ಸೊಟ್ಟಗಾಯಿತು. ಬೀದಿಯ ಕೊನೆಯ ಮನೆಯ ಗುಮಾಸ್ತರ ಕೋಟಿಗೆ ನಾನು ಎರಡು ಎಡತೋಳು ಕೂರಿಸಿಬಿಟ್ಟೆ. ಪಾಪ, ಅವರು ಒಳ್ಳೆಯವರು. ಹಾಕಿಕೊಂಡು ನೋಡಿ, "ಬಲಗೈ ಸ್ವಲ್ಪ ಹಿಂದಕ್ಕೆ ನೋಡ್ತಾ ಇದೆ" ಎಂದಷ್ಟೇ ಹೇಳಿದರು.

ತಮಾಷೆ ಇರಲಿ. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಹತ್ತಿತ್ತು. ಒಂದು ದಿನ ಗಂಟೆ ಕೇಳಿಯೂ, 'ಈ ಕಾಲರ್ ಮುಗಿಸಿ ಹೋದರಾಯಿತು' ಎಂದು ನಾನು ಕೂತುಬಿಟ್ಟೆ. ಹೋಗಿ ನೋಡಿದರೆ ದಿಂಬು ಜಾರಿತ್ತು, ಅಷ್ಟೆ. ಆದರೆ ನೊಣದ ಗಂಟೆಗೂ ಪ್ರಾಣದ ಗಂಟೆಗೂ ದನಿ ಒಂದೇ. ಇವರು ಹೀಗೆ ಬಾರಿಸುತ್ತಿದ್ದರೆ, ನಾನು ಹೀಗೆ ಸುಸ್ತಾಗುತ್ತಿದ್ದರೆ, ನಿಜವಾದ ಗಂಟೆಗೆ ನಾನು ಏಳದೇ ಇರುವ ದಿನ ಬಂದೇ ಬರುತ್ತದೆ ಎಂದು ನನಗೆ ಖಾತ್ರಿಯಾಯಿತು.

ಆಗ ಹೊಳೆದದ್ದು ಮೂರು ಗುಂಡಿಯ ಮಹಾಯೋಜನೆ. ಇವರ ಕೈಯ ಹತ್ತಿರ ಕೆಂಪು, ಹಳದಿ, ಹಸಿರು ಗುಂಡಿ. ಅಡುಗೆಮನೆಯಲ್ಲಿ ನನ್ನ ಮೆಷಿನ್ನಿನ ಮೇಲ್ಗಡೆ ಗೋಡೆಯಲ್ಲಿ ಅದೇ ಮೂರು ಬಣ್ಣದ ದೀಪ. ಕೆಂಪು ಎಂದರೆ ಪ್ರಾಣಕ್ಕೆ ಬಂದಿದೆ, ಅದಕ್ಕೆ ಜೊತೆಯಲ್ಲಿ ಕಿರ್ ಎನ್ನುವ ಶಬ್ದವೂ ಉಂಟು. ಹಳದಿ ಎಂದರೆ ನೀರು, ಮಾತ್ರೆ, ಕಕ್ಕಸು. ಹಸಿರು ಎಂದರೆ ಏನೂ ಇಲ್ಲ, ಸುಮ್ಮನೆ ಬಾ. ಹಸಿರಿಗೆ ಶಬ್ದವಿಲ್ಲ. ನೋಡಿದರೆ ನೋಡಿದೆ, ಬಿಟ್ಟರೆ ಬಿಟ್ಟೆ.

"ಅಂಗಡೀಲಿ ಸಿಗುತ್ತಲ್ಲ ಅತ್ತಿಗೆ ಬೆಲ್ಲು" ಎಂದಳು ನನ್ನ ನಾದಿನಿ. ಅವಳ ಮನೆ ಪಕ್ಕದ ಬೀದಿಯಲ್ಲಿ. ದಿನಾ ಸಂಜೆ ಬಂದು ಅಣ್ಣನ ಕಾಲು ಒತ್ತಿ, ನನ್ನ ತಪ್ಪು ಎಣಿಸಿ ಹೋಗುತ್ತಾಳೆ.

"ಅದೂ ಗಂಟೇನೇ ತಾನೆ? ಯಾತಕ್ಕೆ ಬಾರಿಸಿದ್ರು ಅಂತ ಅದು ಹೇಳುತ್ತಾ?" ಎಂದೆ. "ಅಂಗಡಿ ಅಂಗಿ ಯಾರ ಮೈಗೆ ಸರಿಯಾಗಿ ಕೂತಿದೆ? ನಮ್ಮ ಅಳತೆಗೆ ನಾವೇ ಹೊಲ್ಕೋಬೇಕು."

ನಾನು ಕಂಪ್ಯೂಟರಿನಲ್ಲಿ ಹೊಲಿಗೆಯ ವಿಡಿಯೋ ನೋಡುವವಳು. ಒಮ್ಮೆ ಹಾಗೆ ನೋಡುತ್ತಿರುವಾಗ ಒಬ್ಬ ಮನುಷ್ಯ ಹಸಿರು ಬಟ್ಟೆಯ ಮೇಲೆ ಏನೋ ಕಟಿಂಗ್ ಗುರುತು ಹಾಕುತ್ತಿರುವಂತೆ ಕಂಡಿತು. ಆಮೇಲೆ ತಿಳಿಯಿತು, ಅದು ಬಟ್ಟೆಯಲ್ಲ, ಸರ್ಕ್ಯೂಟ್ ಬೋರ್ಡ್. ರೇಡಿಯೋ, ಟಿವಿ ಬಿಚ್ಚಿದಾಗ ಒಳಗೆ ಕಾಣುತ್ತದಲ್ಲ, ತಾಮ್ರದ ಗೆರೆಗಳ ಹಲಗೆ, ಅದು. ಅದನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಬರೆದು ಕಾರ್ಖಾನೆಗೆ ಕಳಿಸಿದರೆ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸಿಕೊಡುತ್ತಾರಂತೆ. ಆ ಮನುಷ್ಯನ ದನಿ ನಿದ್ದೆಯಲ್ಲಿ ಮಾತಾಡುವವನ ದನಿ. ಆದರೆ ಅವನು ಹೇಳಿದ್ದೆಲ್ಲ ನನಗೆ ಗೊತ್ತಿದ್ದದ್ದೇ. ಗೆರೆಗೂ ಗೆರೆಗೂ ಅಂತರ ಬಿಡು. ಅಂಚಿಗೆ ತೀರ ಹತ್ತಿರ ಹೋಗಬೇಡ. ಒಂದು ಗೆರೆ ಇನ್ನೊಂದನ್ನು ದಾಟಬಾರದು. ದಾಟಲೇಬೇಕಾದರೆ ತೂತು ಮಾಡಿ ಹಿಂಬದಿಗೆ ಇಳಿ, ಅಲ್ಲಿಂದ ಹೋಗಿ ಮತ್ತೆ ಮೇಲೆ ಬಾ. ಇದು ಸೂಜಿಯ ಕೆಲಸವಲ್ಲದೆ ಇನ್ನೇನು?

ಸುಲಭವೆಂದುಕೊಂಡೆ. ಮೂರು ಗುಂಡಿ, ಮೂರು ದೀಪ, ಒಂದು ಕಿರ್ ಶಬ್ದದ ಡಬ್ಬಿ, ಎಲ್ಲವನ್ನೂ ಕಂಪ್ಯೂಟರಿನ ಹಲಗೆಯ ಮೇಲೆ ಕೂರಿಸಿ ಗೆರೆ ಎಳೆದೆ. ಹಲಗೆ ಬರೆಯುವ ತಂತ್ರಾಂಶದಲ್ಲಿ ತಪಾಸಣೆ ಎಂದೊಂದು ಗುಂಡಿ ಇದೆ. ಒತ್ತಿದರೆ ನಿಮ್ಮ ತಪ್ಪನ್ನೆಲ್ಲ ಹುಡುಕಿ ಎಣಿಸಿ ತೋರಿಸುತ್ತದೆ. ಒತ್ತಿದೆ. ತಪ್ಪುಗಳು: ಇನ್ನೂರ ಹದಿನಾಲ್ಕು. ಇಷ್ಟು ಸಣ್ಣ ಕೆಲಸದಲ್ಲಿ ಇಷ್ಟೊಂದು ತಪ್ಪು ಹುಡುಕಬಲ್ಲವಳು ಪ್ರಪಂಚದಲ್ಲಿ ನನ್ನ ನಾದಿನಿ ಒಬ್ಬಳೇ ಎಂದು ಅಲ್ಲಿಯವರೆಗೆ ನಂಬಿದ್ದೆ.

ಹಟ ಹಿಡಿದು ಕೂತೆ. ಗಂಟೆ ಬಾರಿಸಿದಾಗ ಎದ್ದು ಓಡುವುದು, ಬಂದು ಒಂದು ಗೆರೆ ಸರಿಸುವುದು. ಹಾಲು ಉಕ್ಕಿತು, ಅನ್ನ ಸೀದಿತು.

"ಆ ಪೆಟ್ಟಿಗೆಗೂ ಉಸಿರು ಕಟ್ಟುತ್ತೇನೇ?" ಎಂದರು ಇವರು ಹಾಸಿಗೆಯಿಂದಲೇ. "ಅದರ ಮುಂದೆ ಕದಲದೆ ಕೂತಿರ್ತೀಯಲ್ಲ!"

"ನಿಮಗೋಸ್ಕರಾನೇ ಕೂತಿರೋದು."

"ನನಗೋಸ್ಕರ ಆದ್ರೆ ಇಲ್ಲಿ ಕೂತ್ಕೋ."

ಈ ಮಾತಿಗೆ ಆಗ ನಾನು ಬೆಲೆ ಕೊಡಲಿಲ್ಲ.

ಎಲ್ಲ ಸರಿಹೋಗುತ್ತ ಬಂದರೂ ಒಂದು ಪ್ಲಗ್ಗು ಬಾಕಿ ಉಳಿಯಿತು. ಇವರ ಗುಂಡಿಗಳಿಂದ ಬರುವ ತಂತಿಯನ್ನು ಹಲಗೆಗೆ ಸಿಕ್ಕಿಸುವ ಪ್ಲಗ್ಗು. ಅದರ ಅಳತೆಯ ಚಿತ್ರ ಎಲ್ಲೂ ಸಿಗಲಿಲ್ಲ. ನನಗೇನು ಅಳತೆ ತೆಗೆಯಲು ಬರುವುದಿಲ್ಲವೇ? ಪ್ಲಗ್ಗನ್ನು ಮೇಜಿನ ಮೇಲೆ ಮಗುಚಿ ಹಾಕಿ, ಕೆಳಗಿನ ಕಾಲುಗಳನ್ನು ನೋಡಿಕೊಂಡು, ಟೇಪು ಹಿಡಿದು ಗುರುತು ಮಾಡಿ, ಹಾಗೇ ಕಂಪ್ಯೂಟರಿಗೆ ಏರಿಸಿದೆ. ಮತ್ತೆ ತಪಾಸಣೆಯ ಗುಂಡಿ ಒತ್ತಿದೆ.

ತಪ್ಪುಗಳು: ಸೊನ್ನೆ.

ಮದುವೆಯಾದ ಮೇಲೆ ನನಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಾದಿನಿಯನ್ನು ಕರೆದು ತೋರಿಸಿದೆ, ಹಾಸಿಗೆಯ ಹತ್ತಿರ ಕಂಪ್ಯೂಟರ್ ಹೊತ್ತುಕೊಂಡು ಹೋಗಿ ಇವರಿಗೂ ತೋರಿಸಿದೆ. "ಸೊನ್ನೆ ಅಂದ್ರೆ ಪರೀಕ್ಷೇಲಿ ಫೇಲು" ಎಂದರು ಇವರು. ಹೊಟ್ಟೆಕಿಚ್ಚು, ಬೇರೇನಿಲ್ಲ.

ಕಾರ್ಖಾನೆಯಿಂದ ಹಲಗೆ ಬಂತು. ಅಂಗೈಯಷ್ಟಗಲ, ಎಲೆಹಸಿರು ಬಣ್ಣ. ಬೆರಳು ಸುಟ್ಟುಕೊಂಡು, ಅಡುಗೆಮನೆಯ ತುಂಬ ಹೊಗೆ ಮಾಡಿಕೊಂಡು, ದೀಪ ಪ್ಲಗ್ಗುಗಳನ್ನೆಲ್ಲ ಬೆಸುಗೆ ಹಾಕಿ ಕೂರಿಸಿದೆ. ಉದ್ಘಾಟನಾ ಸಮಾರಂಭಕ್ಕೆ ಇವರನ್ನು ಮೆಲ್ಲಗೆ ನಡೆಸಿಕೊಂಡು ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ನಾದಿನಿ ಸಭಿಕಳು. ನಾನು ಮೂರು ಗುಂಡಿಯ ಮೇಲೆ ಮೂರು ಬೆರಳಿಟ್ಟು ಒಟ್ಟಿಗೆ ಅದುಮಿದೆ. ಮೂರು ದೀಪವೂ ಝಗ್ಗೆಂದು ಹತ್ತಿದವು, ಡಬ್ಬಿ ಕಿರ್ ಎಂದಿತು. ನಾದಿನಿ ಚಪ್ಪಾಳೆ ತಟ್ಟಿದಳು. ಅವಳು ನನಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

"ಒಂದೊಂದಾಗಿ ಒತ್ತು" ಎಂದರು ಇವರು.

"ಮೂರೂ ಹತ್ತಿತಲ್ಲ ರೀ."

"ಹತ್ತಿತು. ಆದ್ರೂ ಒಂದೊಂದಾಗಿ ಒತ್ತಿ ನೋಡ್ಬೇಕು. ಕೊಡಿಲ್ಲಿ, ನಾನು—"

"ಇದೇನು ಲಿಫ್ಟಾ? ನಿಮಗೆ ಆಯಾಸ ಆಗುತ್ತೆ, ನಡೀರಿ" ಎಂದು ಎಬ್ಬಿಸಿದೆ. ಸಮಾರಂಭ ನನ್ನದು. ಎಲ್ಲ ಮಹಡಿಯಲ್ಲೂ ನಿಲ್ಲಿಸುತ್ತ ಹೋಗಲು ನನಗೆ ಪುರುಸೊತ್ತಿರಲಿಲ್ಲ.

ತಂತಿ ಎಳೆದು ಗುಂಡಿಯ ಡಬ್ಬಿಯನ್ನು ಇವರ ದಿಂಬಿನ ಪಕ್ಕ ಕಟ್ಟಿದೆ. ಗಂಟೆಯನ್ನು ಕಸಿದು ಅಲಮಾರಿಯ ಮೇಲೆ ಮಗುಚಿಟ್ಟೆ. ಮೊದಲ ಕರೆ ಹಳದಿ. ಓಡಿ ಹೋಗಿ ಕೇಳಿದರೆ ನೀರು! ನನ್ನ ಹೆಗಲಿಗೆ ರೆಕ್ಕೆ ಮೂಡಿದಂತಾಯಿತು. ಮಧ್ಯಾಹ್ನಕ್ಕೆ ಕಿರ್ ಎಂದಿತು. ಕೆಂಪು! ಮಾತ್ರೆಯ ಡಬ್ಬಿ ಹಿಡಿದು, ಬಾಗಿಲಿಗೆ ಮಂಡಿ ಬಡಿದುಕೊಂಡು, ಏದುಸಿರು ಬಿಡುತ್ತ ಹೋಗಿ ನಿಂತೆ. ಇವರು ದಿಂಬಿಗೊರಗಿ ನಗುತ್ತಿದ್ದರು.

"ಎಷ್ಟು ಬೇಗ ಬಂದ್ಬಿಟ್ಟೆ! ಕೂತ್ಕೋ."

"ಏನಾಯ್ತು ರೀ?"

"ಏನಿಲ್ಲ, ಸುಮ್ನೆ."

"ಸುಮ್ನೆಗೆ ಕೆಂಪು ಒತ್ತಿದ್ರಾ? ನನ್ನ ಎದೆ ಒಡೆದುಹೋಗಿತ್ತಲ್ರೀ!"

"ಕೆಂಪೆಲ್ಲಿ ಒತ್ತಿದೆ? ಹಸಿರು ಒತ್ತಿದ್ದು."

"ಅಲ್ಲಿ ಹತ್ತಿದ್ದು ಕೆಂಪು."

"ಹಾಗಾದ್ರೆ ನಿನ್ನ ಬೋರ್ಡೇ ತಪ್ಪು."

ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. "ನನ್ನ ಬೋರ್ಡಾ? ಬೋರ್ಡಿನ ತಪ್ಪು ಸೊನ್ನೆ. ಕಂಪ್ಯೂಟರೇ ಹೇಳಿದೆ. ಬೆಳಿಗ್ಗೆ ಹಳದಿ ಒತ್ತಿದ್ರಿ, ಹಳದಿ ಬಂತೋ ಇಲ್ವೋ?"

"ಬಂತು."

"ಮತ್ತೆ?"

ಇವರು ಗುಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಮತ್ತೆ... ಕೈ ತಾಗಿತೇನೋ."

ನೋಡಿದಿರಾ? ಎಷ್ಟೋ ದಿನದಿಂದ ಕೈ ತಾಗಿತು ಕೈ ತಾಗಿತು ಎಂದು ಸುಳ್ಳು ಹೇಳಿದ ಬಾಯಿ. ಈಗಲೂ ಸುಳ್ಳೇ ಎಂದು ನಾನು ತೀರ್ಪು ಕೊಟ್ಟೆ. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ಕೆಂಪು ಹತ್ತುವುದು, ನಾನು ಸತ್ತೆನೋ ಕೆಟ್ಟೆನೋ ಎಂದು ಓಡುವುದು, ಇವರು ಹಸಿರೇ ಒತ್ತಿದ್ದು ಎನ್ನುವುದು.

"ನೀನೇ ಒಂದ್ಸಲ ಒತ್ತಿ ನೋಡ್ಬಾರ್ದಾ?" ಎಂದರು ಒಮ್ಮೆ.

"ಒಲೆ ಮೇಲೆ ಹಾಲಿದೆ" ಎಂದೆ. ಒಲೆಯ ಮೇಲೆ ಹಾಲಿರಲಿಲ್ಲ. ಒತ್ತಿ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒತ್ತಿ ನೋಡುವುದೆಂದರೆ ಸೊನ್ನೆಯನ್ನು ಬಿಟ್ಟು ಗಂಡನ ಮಾತು ನಂಬಿದ ಹಾಗಾಯಿತಲ್ಲ!

ಇವರು ವಾದ ಮಾಡುವುದನ್ನು ಬಿಟ್ಟರು. ಜೀವಮಾನದಲ್ಲಿ ಒಂದು ವಾದವನ್ನೂ ಬಿಟ್ಟುಕೊಡದ ಮನುಷ್ಯ ಸುಮ್ಮನಾದರೆ ಹೆಂಡತಿಯಾದವಳು ಹೆದರಬೇಕಿತ್ತು. ನಾನು ಗೆದ್ದೆ ಎಂದುಕೊಂಡೆ. ಕನ್ನಡಕ ಹಾಕಿಕೊಂಡು ಗುಂಡಿಗಳನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ಹಾಸಿಗೆ ಸರಿಮಾಡುವಾಗ ಬೆರಳಿಟ್ಟು ಕೇಳಿದರು.

"ಇದು ಯಾವ ಬಣ್ಣ ಹೇಳು?"

"ಹಸಿರು."

"ನನಗೂ ಹಾಗೇ ಕಾಣುತ್ತೆ" ಎಂದರು. ಕನ್ನಡಕ ತೆಗೆದಿಟ್ಟು, "ನನ್ನ ತಲೆ ಕೆಡ್ತಾ ಇದೆಯೇನೋ ಕಣೇ" ಎಂದರು.

"ಅದು ಕೆಟ್ಟು ಯಾವ ಕಾಲ ಆಯ್ತು" ಎಂದೆ ನಾನು, ದಿಂಬಿನ ಚೀಲ ಒದರುತ್ತ.

ಆಮೇಲೆ ಸುಮ್ಮನೆ ಕರೆಯುವುದನ್ನೇ ನಿಲ್ಲಿಸಿದರು. ನೀರಿಗೆ, ಮಾತ್ರೆಗೆ ಹಳದಿ ಒತ್ತುತ್ತಿದ್ದರು, ಅಷ್ಟೆ. ಮನೆ ಎಷ್ಟು ಶಾಂತವಾಯಿತು ಎಂದರೆ ನಾನು ಗುಮಾಸ್ತರ ಕೋಟಿಗೆ ಕೊನೆಗೂ ಒಂದು ಬಲತೋಳು ಮಾಡಿಕೊಟ್ಟೆ. ವಿಜ್ಞಾನದ ಮಹಿಮೆಯನ್ನು ನಾದಿನಿಯ ಮುಂದೆ ಬಾಯಿ ತುಂಬ ಹೊಗಳಿದೆ.

ಹಾಗಿರುವಾಗ ಒಂದು ಬೆಳಿಗ್ಗೆ, ತಿಂಡಿ ಮುಗಿದು ನಾನು ಮೆಷಿನ್ನಿಗೆ ಕೂತ ಸ್ವಲ್ಪ ಹೊತ್ತಿಗೆ, ಹಸಿರು ಹತ್ತಿತು. ಉದ್ಘಾಟನೆಯ ದಿನ ಬಿಟ್ಟರೆ ಹಸಿರು ಹತ್ತಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಸದ್ಯ, ಮನುಷ್ಯ ಬಣ್ಣ ಕಲಿತರು! ಹಸಿರೆಂದರೆ ಸುಮ್ಮನೆ. ಈ ಅಂಚು ಮಡಚಿ ಹೊಲಿದು ಹೋದರಾಯಿತು. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು, ಹತ್ತಿತು. "ಬಂದೆ ಬಂದೆ, ಏನವಸರ" ಎಂದು ಗೋಡೆಗೇ ಹೇಳಿ ಇನ್ನೊಂದು ಅಂಚಿಗೆ ತಿರುಗಿದೆ. ಆಮೇಲೆ ದೀಪ ಆರಲೇ ಇಲ್ಲ. ಒಂದೇ ಸಮನೆ ಉರಿಯುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ನನ್ನ ಕಾಲು ಪೆಡಲಿನ ಮೇಲೆ ನಿಂತಿತು. ಬಾಯಲ್ಲಿ ದಾರ ಕಚ್ಚಿಕೊಂಡೇ ಎದ್ದು ಹೋದೆ.

ಇವರು ಅರ್ಧ ಹಾಸಿಗೆಯಲ್ಲಿ, ಅರ್ಧ ನೆಲದ ಕಡೆಗೆ ಜಾರಿದ್ದರು. ತುಟಿ ಕಪ್ಪಿಟ್ಟಿತ್ತು. ಕಣ್ಣು ಬಾಗಿಲಿನ ಮೇಲಿತ್ತು. ಹೆಬ್ಬೆರಳು ಕೆಂಪು ಗುಂಡಿಯನ್ನು ಎಷ್ಟು ಒತ್ತಿ ಹಿಡಿದಿತ್ತೆಂದರೆ ಉಗುರು ಬೆಳ್ಳಗಾಗಿತ್ತು. ಮಾತ್ರೆ ಇಟ್ಟೆ, ಎತ್ತಿ ಕೂರಿಸಿದೆ, ಕೂಗಿದೆ, ಫೋನು ಮಾಡಿದೆ. ಇಷ್ಟೆಲ್ಲದರ ನಡುವೆ ನನ್ನ ತಲೆ ಏನು ಹೇಳಿತು ಗೊತ್ತೇ? 'ಇಷ್ಟು ಹೊತ್ತು ಹಸಿರು ಒತ್ತಿ, ನಾನು ಬರುವಾಗ ಕೆಂಪಿಗೆ ಬೆರಳು ಸರಿಸಿದ್ದಾರೆ.' ಗಂಡ ಸಾಯುತ್ತಿರುವಾಗಲೂ ನನ್ನ ಬೋರ್ಡಿನ ಪರವಾಗಿ ನಾನು ವಕಾಲತ್ತು ನಡೆಸಿದ್ದೆ.

ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಎರಡನೆಯ ದಿನ ಮೂಗು ಬಾಯಿ ಮುಚ್ಚುವ ಮಾಸ್ಕಿನ ಒಳಗಿಂದ ಇವರು ಡಾಕ್ಟರಿಗೆ ಒಂದೊಂದೇ ಮಾತು ಹೆಕ್ಕಿ ಹೇಳಿದರು.

"ಕೆಂಪು ಅಂದ್ಕೊಂಡೇ ಒತ್ತಿದೆ ಡಾಕ್ಟ್ರೇ. ಇವಳಿಗೆ ಹಸಿರು ಹೋಗಿದೆ. ಹಸಿರು ಅಂದ್ಕೊಂಡು ಒತ್ತಿದ್ರೆ ಕೆಂಪು ಹೋಗುತ್ತೆ. ನನ್ನ ತಲೆ ಹೋಯ್ತು ಅನ್ಸುತ್ತೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದಾ ಅಮ್ಮ?"

"ಹೌದು ಡಾಕ್ಟ್ರೇ, ಮೊದಲ ದಿನದಿಂದಲೂ ಹೀಗೇ" ಎಂದು ನಾನು ಸಾಕ್ಷಿ ಹೇಳಿದೆ.

ಡಾಕ್ಟರು ಬರೆದುಕೊಂಡರು. ಹೃದಯ ಸೋತರೆ ಮಿದುಳಿಗೆ ರಕ್ತ ಸಾಲದೆ ಹೀಗಾಗುವುದುಂಟಂತೆ. ಇಂಥ ಸ್ಥಿತಿಯಲ್ಲಿ ಮನೆಗೆ ಕಳಿಸುವುದು ಅಪಾಯವಂತೆ, ಹಗಲೂ ರಾತ್ರಿ ನರ್ಸುಗಳಿರುವ ಆರೈಕೆ ಕೇಂದ್ರಕ್ಕೆ ಸೇರಿಸುವುದು ಮೇಲಂತೆ. ನಾನು ಇವರ ಮುಖ ನೋಡಿದೆ. ಈಗ ಜಗಳ ತೆಗೆಯುತ್ತಾರೆ, ಆ ಕೇಂದ್ರದ ಲಿಫ್ಟ್ ಯಾರು ನೋಡಿಕೊಳ್ಳುತ್ತಾರೆ ಎಂದಾದರೂ ಕೇಳುತ್ತಾರೆ ಎಂದು ಕಾದೆ.

"ನೀವು ಹೇಳಿದ ಹಾಗೆ" ಎಂದರು.

ಅವರ ಬಟ್ಟೆ ತರಲು ಮನೆಗೆ ಬಂದೆ. ಜೊತೆಗೆ ನಾದಿನಿಯೂ ಬಂದಳು. ನಾನು ಅಡುಗೆಮನೆಯಲ್ಲಿ ಅರ್ಧ ಹೊಲಿದ ಬಟ್ಟೆಯನ್ನು ಸುಮ್ಮನೆ ಮಡಚುತ್ತ ನಿಂತಿದ್ದೆ. ಅವಳು ಅಣ್ಣನ ಹಾಸಿಗೆಯ ಮೇಲೆ ಕೂತು ಅಳುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ಅತ್ತಿಗೇ, ಅಣ್ಣ ಒತ್ತಿದ ಕೆಂಪು ಇದೇನಾ? ನಾನೂ ಒತ್ತಿದೀನಿ ನೋಡಿ."

ಗೋಡೆಯ ಮೇಲೆ ಹಸಿರು ಹತ್ತಿತು.

"ಸರಿಯಾಗಿ ಒತ್ತು!" ಎಂದು ಕಿರುಚಿದೆ.

"ಸರಿಯಾಗೇ ಒತ್ತಿದೀನಿ. ಕೆಂಪು."

"ಕೆಂಪು ಒತ್ತು ಅಂದ್ರೆ!"

"ಕೆಂಪೇ ಅತ್ತಿಗೆ! ಇನ್ನೆಷ್ಟು ಕೆಂಪು ಬೇಕು?"

ಅವಳನ್ನು ಅಡುಗೆಮನೆಗೆ ಅಟ್ಟಿ, ನಾನು ಹಾಸಿಗೆಯ ಮೇಲೆ ಕೂತೆ. ಇವರ ತಲೆಯ ಗುಳಿ ದಿಂಬಿನಲ್ಲಿ ಹಾಗೇ ಇತ್ತು. ಕೆಂಪು ಒತ್ತಿದೆ. "ಹಸಿರು" ಎಂದಳು ಅಲ್ಲಿಂದ. ಹಳದಿ ಒತ್ತಿದೆ. "ಹಳದಿ" ಎಂದಳು. ಹಸಿರು ಒತ್ತಿದೆ. ಕಿರ್ ಶಬ್ದವೂ ಅವಳ "ಕೆಂಪು" ಎನ್ನುವ ದನಿಯೂ ಒಟ್ಟಿಗೆ ಕೇಳಿದವು.

ಹಲಗೆ ಬಿಚ್ಚಿ ನೋಡಿದೆ. ತಪ್ಪು ನನ್ನ ಕಸುಬಿನ ಕೈಯದು. ಟೈಲರ್ ಆದವಳು ಬಟ್ಟೆಯನ್ನು ಮಗುಚಿ ಹಾಕಿ ಒಳಮೈ ಮೇಲೆ ಗುರುತು ಹಾಕುತ್ತಾಳೆ. ಹೊಲಿದ ಮೇಲೆ ತಿರುಗಿಸಿದರೆ ಎಡ ಎಡಕ್ಕೆ, ಬಲ ಬಲಕ್ಕೆ ಬರುತ್ತದೆ. ಆ ಪ್ಲಗ್ಗನ್ನೂ ಹಾಗೇ ಮಗುಚಿ ಹಾಕಿ ಗುರುತು ಮಾಡಿದ್ದೆ. ಆದರೆ ಹಲಗೆಯನ್ನು ಅಂಗಿಯ ಹಾಗೆ ಒಳಗು ಹೊರಗು ಮಾಡಲು ಬರುವುದಿಲ್ಲವಲ್ಲ. ಎಡದ ಕೆಂಪು ಬಲಕ್ಕೆ ಹೋಯಿತು, ಬಲದ ಹಸಿರು ಎಡಕ್ಕೆ ಬಂತು. ನಡುವಿನ ಹಳದಿ ಮಾತ್ರ ಹೇಗೆ ತಿರುಗಿಸಿದರೂ ನಡುವೆಯೇ. ಆ ಹಳದಿಯನ್ನು ಹಿಡಿದುಕೊಂಡು ನಾನು ಗಂಡನನ್ನು ಸುಳ್ಳುಗಾರ ಮಾಡಿದೆ, ಹುಚ್ಚನನ್ನಾಗಿಯೂ ಮಾಡಿದೆ. ಕಂಪ್ಯೂಟರಿನದೇನೂ ತಪ್ಪಿಲ್ಲ. ಗೆರೆಗಳ ನಡುವೆ ಅಂತರ ಇದೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಗಂಡ ಹೆಂಡಿರ ನಡುವಿನ ಅಂತರ ಅದಕ್ಕೆ ಹೇಗೆ ತಿಳಿಯಬೇಕು?

ಬಟ್ಟೆ ಮರೆತು, ಹಲಗೆಯನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರೂ ಅಲ್ಲೇ ಇದ್ದರು. ಅಳುತ್ತ, ತೊದಲುತ್ತ ಎಲ್ಲ ಹೇಳಿದೆ. ಇವರು ಮಾಸ್ಕನ್ನು ಮೂಗಿನಿಂದ ಕೆಳಗೆಳೆದರು.

"ಹಾಗಾದ್ರೆ ನನ್ನ ತಲೆ?"

"ಸರಿಯಾಗಿದೆ ರೀ."

"ಏನಂದೆ? ಇದು ಹಾಕಿದ ಮೇಲೆ ಕಿವಿ ಮಂದ ಆಗಿದೆ. ಜೋರಾಗಿ ಹೇಳು."

"ನಿಮ್ಮ ತಲೆ ಸರಿಯಾಗಿದೆ!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ. ಪಕ್ಕದ ಹಾಸಿಗೆಯವರು ನನ್ನನ್ನು ಮರುಕದಿಂದ ನೋಡಿದರು.

"ಬರ್ಕೊಳ್ಳಿ ಡಾಕ್ಟ್ರೇ" ಎಂದರು ಇವರು. ಬಹಳ ದಿನಗಳ ಮೇಲೆ ಆ ಮುಖಕ್ಕೆ ಹಳೆಯ ಲಿಫ್ಟ್ ತಪಾಸಕನ ಕಳೆ ಬಂದಿತ್ತು. "ರೋಗಿಯ ತಪ್ಪುಗಳು: ಸೊನ್ನೆ."

ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಮತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಆ ಮಾತ್ರೆಗಳಿಂದ ಇನ್ನು ಹೆಚ್ಚು ಕಾಲ ನಡೆಯುವುದಿಲ್ಲ ಎಂದರು. ಎಷ್ಟು ಕಾಲ ಎಂದು ನಾನು ಕೇಳಲಿಲ್ಲ. ಈ ಸಲ ಇವರ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ಬಿದ್ದಿರಲೂಬಹುದು.

ಹಳೆಯ ಹಲಗೆಯನ್ನು ಇವರು ದಿಂಬಿನ ಮೇಲ್ಗಡೆ ಗೋಡೆಗೆ ತೂಗುಹಾಕಿಸಿಕೊಂಡಿದ್ದಾರೆ. ನೋಡಲು ಬಂದವರಿಗೆಲ್ಲ ತೋರಿಸುತ್ತಾರೆ. "ನಮ್ಮವಳು ಸ್ವಂತ ಮಾಡಿದ್ದು. ತಪ್ಪು ಸೊನ್ನೆ. ನಾನೊಬ್ಬ ಸಾಯೋನಿದ್ದೆ, ಅಷ್ಟೆ." ನಾನು ಹೊ‌ಸ ಹಲಗೆ ಬರೆದು ತರಿಸಿದೆ. ಅದನ್ನು ಕೂರಿಸಿದ ದಿನ ಇವರು ಹಾಸಿಗೆಯ ಮೇಲೆ ನೆಟ್ಟಗೆ ಕೂತು ಗುಂಡಿಗಳನ್ನು ಒಂದೊಂದಾಗಿ ಒತ್ತಿದರು. ನಾದಿನಿ ಅಡುಗೆಮನೆಯಿಂದ ಬಣ್ಣ ಕೂಗಿದಳು. ನಾನು ನಡುವೆ ಬಾಗಿಲಲ್ಲಿ ಅಪರಾಧಿಯಂತೆ ಕೈಕಟ್ಟಿ ನಿಂತೆ. ಕೆಂಪು ಕೆಂಪಾಯಿತು, ಹಸಿರು ಹಸಿರಾಯಿತು.

ಮರುದಿನ ಹಸಿರು ಹತ್ತಿತು. ನಾನು ಕತ್ತರಿ ಬಿಸಾಕಿ ಓಡಿದೆ.

"ಏನ್ರೀ?"

"ಏನಿಲ್ಲ. ಕೆಂಪಿಗೆ ಬರ್ತೀಯ ಅಂತ ಗೊತ್ತು. ಹಸಿರಿಗೆ ಬರ್ತೀಯೋ ಇಲ್ವೋ ಅಂತ ತಪಾಸಣೆ ಮಾಡಿದೆ."

"ಬಂದೆನಲ್ಲ."

"ಒಂದು ಸಲ ಬಂದ್ರೆ ಆಯ್ತಾ? ಒಂದೇ ಸಲ ನೋಡಿ ಸೊನ್ನೆ ಅನ್ನೋಕೆ ನಾನೇನು ನಿನ್ನ ಕಂಪ್ಯೂಟರಾ?"

ಹಾಗಾಗಿ ತಪಾಸಣೆ ನಡೆದೇ ಇದೆ. ಓಡಿ ಓಡಿ ನನ್ನ ಮಂಡಿ ಹೋಯಿತು. ಕೊನೆಗೆ ಒಂದು ದಿನ ಸೋತು, ಹೊಲಿಗೆ ಮೆಷಿನ್ನನ್ನೇ ಇವರ ಕೋಣೆಗೆ ಎಳೆದು ತಂದು, ಹಾಸಿಗೆಗೆ ತಾಗಿದಂತೆ ಹಾಕಿಕೊಂಡೆ. ದೀಪಗಳು ಅಡುಗೆಮನೆಯ ಗೋಡೆಯ ಮೇಲೇ ಉಳಿದವು. ಅಷ್ಟೆಲ್ಲ ಕಲಿತು, ಬೆರಳು ಸುಟ್ಟುಕೊಂಡು ಮಾಡಿದ ಯಂತ್ರಕ್ಕೆ ಇನ್ನು ಕೆಲಸವಿಲ್ಲ ಎಂದುಕೊಂಡು ಸೂಜಿಗೆ ದಾರ ಪೋಣಿಸಿದೆ. ಕೈ ಚಾಚಿದರೆ ಇವರ ಕೈ ಸಿಗುತ್ತದೆ. ಇವರ ಉಸಿರಾಟ ಮೆಷಿನ್ನಿನ ಸದ್ದಿನ ನಡುವೆಯೂ ಕೇಳುತ್ತದೆ. ಅದು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿರುವುದೂ ಕೇಳುತ್ತದೆ.

ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ತಿರುಗಿ ನೋಡಿದರೆ ಇವರ ಹೆಬ್ಬೆರಳು ಹಸಿರು ಗುಂಡಿಯ ಮೇಲಿದೆ.

"ಏನ್ರೀ, ಇಲ್ಲೇ ಇದೀನಲ್ಲ!"

ಇವರು ನನ್ನನ್ನು ನೋಡಲೇ ಇಲ್ಲ. ಬಾಗಿಲ ಕಡೆಗೆ ನೋಡುತ್ತ ಹೇಳಿದರು, "ಒತ್ತಿ ಎಷ್ಟು ಹೊತ್ತಾಯ್ತು. ಇನ್ನೂ ಬಂದಿಲ್ಲ ನೋಡು."

ನಾನು ಎದ್ದೆ. ಅಡುಗೆಮನೆಗೆ ಹೋಗಿ, ಹಸಿರು ದೀಪ ಹತ್ತಿರುವುದನ್ನು ಕಣ್ಣಾರೆ ನೋಡಿ, ಮಂಡಿ ಹಿಡಿದುಕೊಂಡು ಓಡಿ ಬಂದೆ.